ತಗಡು ತೆಗೆದ ಮೇಲೆ: ಬೆಟಗೇರಿಯ ಹಳೆಯ ಮನೆಯೊಂದರ ಅಲಂಕಾರ

ಹಳೆಯ ಮನೆಗಳ ಒಳಾಂಗಣದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಗದಗ-ಬೆಟಗೇರಿ ಅವಳಿ ನಗರದ ಈ ಮನೆಯನ್ನು ಪ್ರಕರಣವಾಗಿ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ದುಡ್ಡು ಕಡಿಮೆ ಇತ್ತು, ಅಭಿಪ್ರಾಯಗಳು ಹೆಚ್ಚಿದ್ದವು, ಒಂದು ಸಲ ಅಲಂಕಾರ ಮಾಡಿಸಿ ಮನೆಯವರು ಆಗಲೇ ಕೈಸುಟ್ಟುಕೊಂಡಿದ್ದರು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಹಳೆಯ ಪೇಟೆಗಳಲ್ಲಿ ಇಂಥ ಮನೆಗಳು ಇನ್ನೂ ಬಹಳಷ್ಟು ಇವೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು, ಉದ್ಯೋಗ, ಓಣಿಯ ವಿವರಗಳನ್ನು ಬಿಟ್ಟಿದ್ದೇನೆ. ನಿರ್ಧಾರಗಳು ಮಾತ್ರ ನಡೆದಂತೆಯೇ ಇವೆ.

ಮನೆ ಮತ್ತು ಮನೆಯವರು

ಮನೆ ಕಲ್ಲು-ಮಣ್ಣಿನದು, ಗೋಡೆ ಎರಡಡಿ ದಪ್ಪ. ಮುಂದೆ ಕಟ್ಟೆ, ಒಳಗೆ 12 ಅಡಿ ಅಗಲ, 20 ಅಡಿ ಉದ್ದದ ಪಡಸಾಲೆ. ಅದರಾಚೆ ದೇವರ ಮನೆ, ಅಡುಗೆ ಮನೆ, ಮಲಗುವ ಕೋಣೆಗಳು, ಬಚ್ಚಲು, ಹಿತ್ತಲು. ಪಡಸಾಲೆಯಲ್ಲಿ ನಾಲ್ಕು ಕಟ್ಟಿಗೆಯ ಕಂಬ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ನೆಲಕ್ಕೆ ಶಹಾಬಾದ್ ಫರ್ಸಿ. ಬಲಕ್ಕೆ ಗೋಡೆಗೆ ಗೋಡೆ ಹತ್ತಿದ ಇನ್ನೊಂದು ಮನೆ, ಎಡಕ್ಕೆ ಮೂರಡಿಯ ಸಂದಿ. ಹೀಗಾಗಿ ಪಡಸಾಲೆಗೆ ಬೆಳಕು ಬರಬೇಕಾದರೆ ಮುಂಬಾಗಿಲು, ಅದರ ಪಕ್ಕದ ಒಂದೇ ಕಿಟಕಿ, ಇಲ್ಲವೇ ಮಾಳಿಗೆಯ ಬೆಳಕಿಂಡಿ.

ಮನೆಯಲ್ಲಿ ಐವರು. ಎಪ್ಪತ್ತು ದಾಟಿದ ಅಜ್ಜಿ, ಮನೆಯ ಯಜಮಾನರಾದ ಅವರ ಮಗ, ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಸೊಸೆ, ಪಿಯುಸಿ ಎರಡನೆಯ ವರ್ಷದ ಮೊಮ್ಮಗಳು, ಆರನೆಯ ತರಗತಿಯ ಮೊಮ್ಮಗ.

ಅವರು ನನ್ನನ್ನು ಕರೆಸಿದ್ದು ‘ಪಡಸಾಲೆ ಚಂದ ಕಾಣುವಂತೆ ಮಾಡಬೇಕು’ ಎಂದು. ಒಳಗಿನ ಸಂಕಟ ಬೇರೆಯೇ ಇತ್ತು. ಮೊಮ್ಮಗಳು ಗೆಳತಿಯರನ್ನು ಮನೆಗೆ ಕರೆಯುವುದನ್ನು ನಿಲ್ಲಿಸಿದ್ದಳು. ಯಾರಾದರೂ ಬಂದರೆ ಕಟ್ಟೆಯ ಮೇಲೆ ನಿಂತೇ ಮಾತಾಡಿಸಿ ಕಳಿಸುತ್ತಿದ್ದಳು. ಸೊಸೆ ಹಾಡಹಗಲೇ ಟ್ಯೂಬ್‌ಲೈಟ್ ಹಚ್ಚಿಕೊಂಡು ಹೊಲಿಯುತ್ತಿದ್ದರು. ಮನೆ ಮಾರಿ ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವ ಮಾತು ಊಟದ ಹೊತ್ತಿನಲ್ಲಿ ಆಗಾಗ ಬರುತ್ತಿತ್ತು; ಬಂದಾಗಲೆಲ್ಲ ಅಜ್ಜಿ ತಾಟು ಸರಿಸಿ ಏಳುತ್ತಿದ್ದರು.

ಮೊದಲ ಅಲಂಕಾರ

ಮೂರು ವರ್ಷಗಳ ಹಿಂದೆ ಎಡಗಡೆಯ ಗೋಡೆಯ ಬಣ್ಣ ಹೊಪ್ಪಳೆ ಏಳತೊಡಗಿತ್ತು. ಗೋಡೆಗೆ ಏನಾಗಿದೆ ಎಂದು ಯಾರೂ ನೋಡಲಿಲ್ಲ. ಕಟ್ಟಿಗೆಯ ಪಟ್ಟಿ ಬಡಿದು ಅದರ ಮೇಲೆ ಅಮೃತಶಿಲೆಯ ಗೆರೆಗಳಿರುವ ಪಿವಿಸಿ ಹಲಗೆಗಳನ್ನು ಏಳಡಿ ಎತ್ತರದವರೆಗೆ ಕೂರಿಸಿದರು. ಅದರ ಅಂಚಿಗೆ ನೀಲಿ ಎಲ್‌ಇಡಿ ಪಟ್ಟಿ. ನೆಲದ ಫರ್ಸಿ ಹಳೆಯದಾಗಿ ಕಂಡಿತೆಂದು ಅದರ ಮೇಲೆ ಪ್ಲಾಸ್ಟಿಕ್ ಹಾಸು. ಬಾಗಿಲ ಬಳಿ ಕಂತಿನಲ್ಲಿ ಕೊಂಡ ದೊಡ್ಡ ಸೋಫಾ. ಬೆಳಕಿಂಡಿ ಒಂದು ಮಳೆಗಾಲದಲ್ಲಿ ಸೋರಿದ್ದರಿಂದ ಅದರ ಮೇಲೆ ತಗಡು ಹಾಕಿ, ಸುತ್ತ ಸಿಮೆಂಟ್ ಮೆತ್ತಿ ಮುಚ್ಚಿದ್ದು ಅದಕ್ಕೂ ಹಿಂದಿನ ಮಾತು.

ಮೊದಲ ಆರು ತಿಂಗಳು ಎಲ್ಲರಿಗೂ ಸಂತೋಷವಾಯಿತಂತೆ. ಆಮೇಲೆ ಮುಗ್ಗಲು ವಾಸನೆ ಶುರುವಾಯಿತು. ಈಗ ಗುತ್ತಿಗೆದಾರರೊಬ್ಬರು ಜಂತಿಗಳನ್ನು ಮರೆಮಾಡುವ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚಾವಣಿ, ಹೊಸ ಹಲಗೆ, ಚಾವಣಿಯೊಳಗೆ ಹುದುಗಿಸಿದ ದೀಪಗಳು ಎಂದು 1,80,000 ರೂಪಾಯಿಯ ಅಂದಾಜು ಬರೆದುಕೊಟ್ಟಿದ್ದರು. ಮನೆಯವರ ಕೈಯಲ್ಲಿದ್ದದ್ದು 55,000. ಉಳಿದದ್ದಕ್ಕೆ ಸಾಲ ಮಾಡುವ ಯೋಚನೆ.

ತೊಲೆ-ಜಂತಿಯ ಮನೆಗೆ ಪಿಒಪಿ ಚಾವಣಿ ಬೇಡವೆಂದು ನಾನು ಮೊದಲ ಭೇಟಿಯಲ್ಲೇ ಖಂಡಿತವಾಗಿ ಹೇಳಿದೆ. ಚಂದದ ಮಾತು ಆಮೇಲೆ. ಮೇಲ್ಮುದ್ದೆ ಎಲ್ಲಿ ಸೋರುತ್ತಿದೆ, ಯಾವ ಜಂತಿಗೆ ಗೆದ್ದಲು ಹತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿರಬೇಕು. ಚಾವಣಿಯ ಮರೆಯಲ್ಲಿ ಜಂತಿ ಟೊಳ್ಳಾದರೆ ಗೊತ್ತಾಗುವ ಹೊತ್ತಿಗೆ ಅದು ಮನೆಯವರ ತಲೆಯ ಮೇಲೆ ಬಂದಿರುತ್ತದೆ.

ಒಂದು ವಾರದ ಹಾಳೆ

ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ ಎಂದು ಕೇಳಿಕೊಂಡೆ. ಪಡಸಾಲೆಯ ನಕ್ಷೆಯನ್ನು ಹಾಳೆಯ ಮೇಲೆ ಬರೆದು, ಒಂದು ವಾರ ಯಾರು ಯಾವ ಹೊತ್ತಿಗೆ ಎಲ್ಲಿ ಕೂಡುತ್ತಾರೆ ಎಂದು ಗುರುತು ಹಾಕಬೇಕು. ಮೊಮ್ಮಗ ಈ ಕೆಲಸವನ್ನು ಗಂಭೀರವಾಗಿ ವಹಿಸಿಕೊಂಡ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲ್.

ವಾರದ ಕೊನೆಗೆ ಆ ಹಾಳೆ ಹೇಳಿದ್ದನ್ನು ಮನೆಯವರು ಅಷ್ಟು ವರ್ಷ ಕಣ್ಣೆದುರೇ ಇದ್ದರೂ ಕಂಡಿರಲಿಲ್ಲ. ಸೋಫಾದ ಜಾಗದಲ್ಲಿ ಹೆಚ್ಚುಕಡಿಮೆ ಗುರುತೇ ಇರಲಿಲ್ಲ. ಬೀಗರು ಬಂದಾಗ ಒಂದು ಸಲ, ಯಜಮಾನರು ರಾತ್ರಿ ಸುದ್ದಿ ನೋಡುವಾಗ ಅರ್ಧ ತಾಸು, ಅಷ್ಟೇ. ಆದರೆ ಇಡೀ ಪಡಸಾಲೆಯಲ್ಲಿ ಹಗಲಿನ ಬೆಳಕು ಚೆನ್ನಾಗಿ ಬೀಳುವ ಏಕೈಕ ಜಾಗ ಅದು. ಹೊಲಿಗೆ ಯಂತ್ರವನ್ನು ಸೋಫಾಕ್ಕಾಗಿ ಒಳಗಿನ ಕತ್ತಲ ಮೂಲೆಗೆ ತಳ್ಳಿದ್ದರು. ಅಜ್ಜಿಯ ಕೆಂಪು ಗುರುತುಗಳೆಲ್ಲ ಎರಡನೆಯ ಕಂಬದ ಬುಡದಲ್ಲಿ ಗುಂಪಾಗಿದ್ದವು. ಯಾಕೆ ಎಂದು ಕೇಳಿದೆ.

“ಇಲ್ಲಿ ಕುಳಿತರೆ ಬಾಗಿಲೂ ಕಾಣುತ್ತದೆ, ಒಲೆಯೂ ಕಾಣುತ್ತದೆ ತಂಗಿ. ಬಂದವರು ಯಾರು, ಹಾಲು ಉಕ್ಕಿತೇ, ಎರಡೂ ಗೊತ್ತಾಗುತ್ತವೆ” ಎಂದರು.

ಮೊಮ್ಮಗಳ ಗುರುತು ಪಡಸಾಲೆಯಲ್ಲೇ ಇರಲಿಲ್ಲ. ನಕ್ಷೆಯ ಅಂಚಿನ ಹೊರಗೆ, ಕಟ್ಟೆಯ ಮೇಲೆ ಇದ್ದವು.

ಈ ಪ್ರಕರಣದ ಮೊದಲ ತಿರುವು ಇದೇ. ಯಜಮಾನರು ಹಾಳೆಯನ್ನು ಬಹಳ ಹೊತ್ತು ನೋಡಿ, “ಹಾಗಾದರೆ ಸೋಫಾ ಹೋಗಬೇಕೇ?” ಎಂದರು. ಕಂತು ಮುಗಿದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ನಾನು ಒತ್ತಾಯ ಮಾಡಲಿಲ್ಲ. ದುಡಿದು ಕೊಂಡ ವಸ್ತು ಅದು; ಬೇಡವಾದ ವಸ್ತುವಿನ ಹಿಂದೆಯೂ ಒಬ್ಬರ ಬೆವರಿರುತ್ತದೆ, ಸಲಹೆ ಕೊಡುವವರು ಅದನ್ನು ಮರೆಯಬಾರದು. ಒಂದು ತಿಂಗಳು ಅದನ್ನು ಒಳಕೋಣೆಯಲ್ಲಿಟ್ಟು ನೋಡಿ, ಬೇಕೆನಿಸಿದರೆ ಮತ್ತೆ ತನ್ನಿ ಎಂದೆ. ಅದು ವಾಪಸು ಬರಲಿಲ್ಲ. ಒಂಟಿ ಕುರ್ಚಿಯೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅವರೇ ಮಾರಿದರು.

ಹಲಗೆಯ ಹಿಂದೆ ಇದ್ದದ್ದು

ಪಿವಿಸಿ ಹಲಗೆಗಳನ್ನು ಬಿಚ್ಚಿದ ದಿನ ಮನೆಯ ಎಲ್ಲರೂ ಅಲ್ಲೇ ನಿಂತಿದ್ದರು. ಗೋಡೆಯ ಕೆಳಗಿನ ಮೂರಡಿ ಕಪ್ಪು-ಹಸಿರು ಬೂಸು. ಅದರ ಮೇಲೆ ಹತ್ತಿಯ ಎಳೆಗಳಂತೆ ಬಿಳಿ ಉಪ್ಪು. ಕಟ್ಟಿಗೆಯ ಪಟ್ಟಿಗಳ ಉದ್ದಕ್ಕೂ ಗೆದ್ದಲಿನ ಮಣ್ಣಿನ ಹಾದಿ. ಒಂದು ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಪುಡಿಯಾಗಿ ಉದುರಿತು. ಗೆದ್ದಲು ಹತ್ತಿರದ ಕಂಬದ ಕಡೆ ಹೊರಟಿತ್ತು, ಇನ್ನೂ ಮುಟ್ಟಿರಲಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಮುಟ್ಟುತ್ತಿತ್ತು.

ಸಂದಿಗೆ ಹೋಗಿ ನೋಡಿದಾಗ ಮೂಲ ಸಿಕ್ಕಿತು. ವರ್ಷಗಳಿಂದ ಸಂದಿಯಲ್ಲಿ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಹಾಕುತ್ತ ಬಂದದ್ದರಿಂದ ಹೊರಗಿನ ನೆಲ ಮನೆಯೊಳಗಿನ ನೆಲಕ್ಕಿಂತ ಮೇಲೇರಿತ್ತು. ತಳಪಾಯದ ಕಲ್ಲು ಹೂತುಹೋಗಿ, ಮಳೆನೀರು ನೇರವಾಗಿ ಮಣ್ಣಿನ ಗೋಡೆಗೆ ಇಂಗುತ್ತಿತ್ತು. ಮಾಳಿಗೆಯ ನೀರು ಹೊರಬೀಳುವ ನಾಳ ಮೋಟಾಗಿದ್ದು ಆ ನೀರೂ ಗೋಡೆಗುಂಟ ಇಳಿಯುತ್ತಿತ್ತು. ಒಳಗಡೆಯಿಂದ ಪ್ಲಾಸ್ಟಿಕ್ ಬಣ್ಣ, ಅದರ ಮೇಲೆ ಪಿವಿಸಿ. ಮಣ್ಣು, ಸುಣ್ಣದ ಗೋಡೆ ತೇವವನ್ನು ಹೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಇಲ್ಲಿ ಬಿಟ್ಟುಕೊಡಲು ದಾರಿಯೇ ಇರಲಿಲ್ಲ.

ಈ ಭಾಗದ ಎರೆ ಮಣ್ಣು ಇನ್ನೊಂದು ಸೇರಿಕೆ. ಅದು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆಯೂ ಅದರೊಂದಿಗೆ ಏರಿಳಿಯುತ್ತದೆ. ಮೂಲೆಯಲ್ಲಿ ಓರೆಯಾಗಿ ಓಡಿದ್ದ ಬಿರುಕು ಅದರದೇ ಗುರುತು. ಅದನ್ನು ಗಟ್ಟಿ ಸಿಮೆಂಟಿನಿಂದ ತುಂಬಿದರೆ ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ. ಸುಣ್ಣದ ಗಾರೆಯೇ ಅಲ್ಲಿಗೆ ಸರಿ.

ನೆರೆಯವರೊಂದಿಗೆ ಮಾತಾಡಿ, ಸಂದಿಯಲ್ಲಿ ಗೋಡೆಗುಂಟ ಅರ್ಧ ಅಡಿ ಅಗಲದ ಕಾಲುವೆ ತೋಡಿಸಿ, ಮುಂದಿನ ಗಟಾರದ ಕಡೆ ಇಳಿಜಾರು ಕೊಟ್ಟು, ಖಡಿ (ಜಲ್ಲಿಕಲ್ಲು) ತುಂಬಿಸಲಾಯಿತು. ಮಾಳಿಗೆಯ ನಾಳಕ್ಕೆ ಪೈಪು ಜೋಡಿಸಿ ನೀರನ್ನು ಗೋಡೆಯಿಂದ ದೂರ ಒಯ್ದರು. ಗೆದ್ದಲಿಗೆ ಔಷಧ ಹೊಡೆಸಿದರು. ಒಳಗೋಡೆಯ ಬಣ್ಣ, ಸತ್ತ ಗಾರೆ ಎಲ್ಲವನ್ನೂ ಕೆರೆದು ಬರಿಗೋಡೆ ಮಾಡಿಟ್ಟರು.

ಇದಾದ ಮೇಲೆ ಬಂದದ್ದು ಕಠಿಣ ಕಾಲ. ಗೋಡೆ ಒಣಗುವವರೆಗೆ ಏನನ್ನೂ ಬಳಿಯುವಂತಿರಲಿಲ್ಲ. ಬೇಸಿಗೆಯ ಎರಡು ತಿಂಗಳು ಪಡಸಾಲೆಯ ಒಂದು ಪಕ್ಕ ಕಲ್ಲು-ಮಣ್ಣು ತೋರಿಸಿಕೊಂಡು ನಿಂತಿತ್ತು. ಮೇಲ್ಮೈಗೆ ಉಪ್ಪು ಬರುತ್ತಲೇ ಇತ್ತು. ಅದನ್ನು ನೀರಿನಿಂದ ತೊಳೆಯಬಾರದು, ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ಹೊರಗೆ ಹಾಕಬೇಕು. ಸೊಸೆ ಪ್ರತಿ ವಾರ ಅದನ್ನು ಮಾಡಿದರು. ಮನೆಗೆ ಬಂದವರು, “ಇದೇನು, ಅರ್ಧಕ್ಕೇ ಬಿಟ್ಟಿದ್ದೀರಿ?” ಎಂದು ಕೇಳುವುದು, ಯಜಮಾನರು ಮುಜುಗರಪಡುವುದು ನಡೆದೇ ಇತ್ತು. ಒಮ್ಮೆ ಅವರು ಸಿಮೆಂಟ್ ಗಿಲಾವ್ (ಗಾರೆ) ಮಾಡಿಸಿ ಮುಗಿಸಿಬಿಡೋಣ ಎಂದು ಗೌಂಡಿಯನ್ನು ಕರೆದೂ ಬಿಟ್ಟಿದ್ದರು. ತಡೆದವರು ಅಜ್ಜಿ. “ಮೂರು ವರ್ಷ ಮುಚ್ಚಿಟ್ಟು ನೋಡಿದೆಯಲ್ಲ, ಎರಡು ತಿಂಗಳು ತೆರೆದಿಟ್ಟು ನೋಡು” ಎಂದರಂತೆ. ಅವರು ಹಾಗೆ ಹೇಳದಿದ್ದರೆ ಈ ಪ್ರಕರಣ ಬರೆಯುವಂಥದ್ದಾಗುತ್ತಿರಲಿಲ್ಲ.

ಬೆಳಕಿಂಡಿ

ಗೋಡೆ ಒಣಗುತ್ತಿದ್ದಾಗಲೇ ಮಾಳಿಗೆಯ ಕೆಲಸ ಮುಗಿಯಿತು. ತಗಡು, ಸಿಮೆಂಟ್ ಒಡೆದು ತೆಗೆದು, ಬೆಳಕಿಂಡಿಯ ಸುತ್ತ ಅರ್ಧ ಅಡಿ ಎತ್ತರದ ಕಟ್ಟು ಕಟ್ಟಿ, ಅದರ ಮೇಲೆ ದಪ್ಪ ಗಾಜನ್ನು ಒಂದು ಕಡೆ ಇಳಿಜಾರಾಗಿ ಕೂರಿಸಿದರು. ಗಾಜಿನ ಕೆಳಗೆ ಎರಡು ಬದಿಗೆ ತಂತಿಯ ಜಾಳಿಗೆ ಬಿಟ್ಟಿದ್ದರಿಂದ ಬಿಸಿಗಾಳಿ ಮೇಲಿನಿಂದ ಹೊರಹೋಗುತ್ತದೆ. ಹಳೆಯ ಬೆಳಕಿಂಡಿ ಸೋರಿದ್ದು ಮಾಳಿಗೆಯ ಮಟ್ಟದಲ್ಲೇ ಇದ್ದದ್ದರಿಂದ. ಕಟ್ಟು ಎತ್ತರಿಸಿದ ಮೇಲೆ ನೀರು ಸುತ್ತಿ ಹರಿದು ಹೋಗುತ್ತದೆ.

ಅಜ್ಜಿಗೆ ಒಂದು ಅಂಜಿಕೆಯಿತ್ತು: 40 ಡಿಗ್ರಿಯ ಆಸುಪಾಸು ಬಿಸಿಲು ಕಾಯುವ ಊರಿನಲ್ಲಿ ಗಾಜು ಹಾಕಿದರೆ ಪಡಸಾಲೆ ಕುದಿಯುವುದಿಲ್ಲವೇ? ಅಂಜಿಕೆ ನ್ಯಾಯವಾದದ್ದೇ. ಜಂತಿಗಳಿಗೆ ಎರಡು ತಂತಿ ಬಿಗಿದು, ಬಿಳಿ ಖಾದಿಯ ಅರಿವೆಯನ್ನು ಹಗ್ಗದಿಂದ ಎಳೆದು ಬೆಳಕಿಂಡಿಯ ಕೆಳಗೆ ಮುಚ್ಚುವಂತೆ, ಬೇಡವಾದಾಗ ಸರಿಸುವಂತೆ ಮಾಡಿದರು. ಬೇಸಿಗೆಯ ಮಧ್ಯಾಹ್ನ ಅದನ್ನು ಎಳೆದರೆ ಇಡೀ ಪಡಸಾಲೆಗೆ ಹಾಲಿನಂಥ ಬೆಳಕು. ನೋಡಿದವರು ಅದನ್ನೇ ಮನೆಯ ಮುಖ್ಯ ಅಲಂಕಾರ ಎಂದುಕೊಳ್ಳುತ್ತಾರೆ. ಬಿಸಿಲು ತಡೆಯಲು ಕಟ್ಟಿದ ಅರಿವೆ ಅದು.

ಹೊಲಿಗೆ ಯಂತ್ರ ಬಾಗಿಲ ಪಕ್ಕದ ಕಿಟಕಿಗೆ ಬಂತು. ಬೆಳಕಿಂಡಿಯ ಕೆಳಗೆ ಮೊಮ್ಮಗಳ ಮೇಜು. ರಾತ್ರಿಯ ದೀಪಗಳನ್ನೂ ಬದಲಿಸಿದರು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. ಮೊದಲು ಎಲ್ಲ ಕಡೆ 6500 ಕೆಲ್ವಿನ್‌ನ ನೀಲಿಬಿಳುಪಿನ ಟ್ಯೂಬ್‌ಗಳಿದ್ದವು. ಸುಣ್ಣದ ಗೋಡೆಯ ಮೇಲೆ ಆ ಬೆಳಕು ದವಾಖಾನೆಯಂತೆ ಕಾಣುತ್ತದೆ. ಕುಳಿತು ಮಾತಾಡುವ ಕಡೆ 3000 ಕೆಲ್ವಿನ್‌ನ ಬೆಚ್ಚನೆಯ ಬಲ್ಬು, ಹೊಲಿಗೆ ಮತ್ತು ಓದಿನ ಕಡೆ 4000 ಕೆಲ್ವಿನ್‌ನದು. ಬಲ್ಬಿನ ಡಬ್ಬದ ಮೇಲೆಯೇ ಈ ಅಂಕಿ ಇರುತ್ತದೆ. ಕೊಳ್ಳುವಾಗ ವ್ಯಾಟ್ ನೋಡಿದಂತೆ ಇದನ್ನೂ ನೋಡಬೇಕು.

ನೆಲದ ಪ್ಲಾಸ್ಟಿಕ್ ಹಾಸು ಕಿತ್ತಾಗ ಫರ್ಸಿಯ ಮೇಲೆ ಅಂಟಿನ ಕಲೆಗಳಿದ್ದವು. ಯಾರೋ ಆ್ಯಸಿಡ್ ಹಾಕಿ ಉಜ್ಜಲು ಹೇಳಿದ್ದರು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು; ಆ್ಯಸಿಡ್ ಅದನ್ನು ತಿಂದು ಮೈಯನ್ನು ಒರಟು ಮಾಡುತ್ತದೆ. ಬಿಸಿನೀರು, ಸೌಮ್ಯ ಸೋಪು, ತೆಂಗಿನ ನಾರು ಇಷ್ಟರಿಂದಲೇ ಹೆಚ್ಚಿನ ಕಲೆ ಹೋಯಿತು. ಉಳಿದದ್ದನ್ನು ಹಾಗೆಯೇ ಬಿಟ್ಟರು.

ಬಣ್ಣದ ಜಗಳ

ಮೊಮ್ಮಗಳು ಮೊಬೈಲ್‌ನಲ್ಲಿ ಚಿತ್ರವೊಂದನ್ನು ಇಟ್ಟುಕೊಂಡಿದ್ದಳು: ಒಂದು ಗೋಡೆ ಪೂರ್ತಿ ಗಾಢ ಹಸಿರು-ನೀಲಿ, ಮುಂದೆ ಬಿಳಿ ಕುರ್ಚಿ. ಸೊಸೆಗೆ ತಿಳಿ ಗುಲಾಬಿ ಇಷ್ಟ. ಅಜ್ಜಿಗೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಅಂದರೆ ಕಾರಣೆ. ಯಜಮಾನರಿಗೆ ಯಾವುದಾದರೂ ಸರಿ, ಬೇಗ ಮುಗಿಯಬೇಕು.

ಅಜ್ಜಿಯ ಸುಣ್ಣಕ್ಕೆ ಗೋಡೆಯೇ ಮತ ಹಾಕಿತ್ತು. ಇನ್ನೂ ಒಂದಿಷ್ಟು ತೇವವಿರುವ ಮಣ್ಣಿನ ಗೋಡೆಗೆ ಉಸಿರಾಡಲು ಬಿಡುವ ಲೇಪ ಬೇಕು. ಆದರೆ ಹದಿನೇಳರ ಹುಡುಗಿಗೆ ‘ಅಜ್ಜಿ ಹೇಳಿದ್ದೇ ಸರಿ’ ಎಂದರೆ ಆ ಮನೆ ಅವಳದಾಗುವುದಿಲ್ಲ, ಅವಳು ಮತ್ತೆ ಕಟ್ಟೆಗೇ ಹೋಗುತ್ತಾಳೆ. ಅದಕ್ಕಾಗಿ ಗೋಡೆಗಳ ಗೂಡುಗಳನ್ನು ಅವಳಿಗೆ ಬಿಡೋಣ ಎಂದೆ. ಪಡಸಾಲೆಯಲ್ಲಿ ಆರು ಗೂಡುಗಳಿದ್ದವು, ಕೆಲವು ಹಲಗೆಯ ಹಿಂದೆ ಮುಚ್ಚಿಹೋಗಿದ್ದವು. ಗೋಡೆ ಬಿಳಿ, ಗೂಡಿನ ಒಳಮೈ ಅವಳ ಬಣ್ಣ.

ಅವಳು ಹಸಿರು ಪುಡಿಯೊಂದನ್ನು ಸುಣ್ಣಕ್ಕೆ ಬೆರೆಸಿ ಒಂದು ಗೂಡಿಗೆ ಹಚ್ಚಿದಳು. ಮೊದಲ ದಿನ ಚೆನ್ನಾಗಿತ್ತು, ಕೆಲವು ವಾರಗಳಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತು. ಸುಣ್ಣದ ಕ್ಷಾರವನ್ನು ಎಲ್ಲ ಬಣ್ಣಗಳೂ ತಡೆಯುವುದಿಲ್ಲ. ಕೆಮ್ಮಣ್ಣು, ಹಳದಿ ಮಣ್ಣು, ಕಬ್ಬಿಣದ ಆಕ್ಸೈಡ್ ಪುಡಿಗಳು ತಡೆಯುತ್ತವೆ. ಅಲ್ಟ್ರಾಮರೀನ್ ನೀಲಿಯೂ ತಡೆಯುತ್ತದೆ. ಈ ಸಂಗತಿಯನ್ನು ರಸಾಯನಶಾಸ್ತ್ರದ ಪಾಠಕ್ಕೆ ಹೊಂದಿಸಿಕೊಂಡು ಅವಳು ಖುಷಿಪಟ್ಟಳು. ಕೊನೆಗೆ ಅವಳೇ ಗಾಢ ನೀಲಿಯನ್ನು ಆರಿಸಿ, ಬೆಳಿಗ್ಗೆ, ಮಧ್ಯಾಹ್ನ, ದೀಪದ ಬೆಳಕಿನಲ್ಲಿ ನೋಡಿ, ಆರೂ ಗೂಡುಗಳಿಗೆ ತಾನೇ ಬಳಿದಳು.

ಸುಣ್ಣದ ಕೆಲಸವನ್ನು ಅಜ್ಜಿಯ ಮೇಲ್ವಿಚಾರಣೆಯಲ್ಲಿ ಹಿತ್ತಲಲ್ಲೇ ಮಾಡಿದರು. ಕಲ್ಲುಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಹನಿ ಕಣ್ಣಿಗೆ ಸಿಡಿದರೆ ಅಪಾಯ. ಮೊಮ್ಮಗನನ್ನು ದೂರವಿಟ್ಟು, ಕನ್ನಡಕ ಹಾಕಿಕೊಂಡು ಮಾಡಿದರು. ಆರಲು ಬಿಟ್ಟು, ತೆಳು ಅರಿವೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದರು. ಗೋಡೆಗೆ ಮೊದಲು ನೀರು ಚಿಮುಕಿಸಬೇಕು. ಹಸಿಯಿದ್ದಾಗ ಏನೂ ಬಳಿದಂತೆಯೇ ಕಾಣುವುದಿಲ್ಲ, ಒಣಗುತ್ತ ಬಿಳುಪೇರುತ್ತದೆ. ಇದು ಗೊತ್ತಿಲ್ಲದವರು ಮೊದಲ ಸಲವೇ ದಪ್ಪಗೆ ಬಳಿದು, ಆಮೇಲೆ ಹೊಪ್ಪಳೆಯಾಗಿ ಉದುರಿತೆಂದು ಸುಣ್ಣವನ್ನು ಬೈಯುತ್ತಾರೆ. ತೆಳುವಾಗಿ, ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ ಬಳಿದರು. ಕೆಳಗೆ ಒಂದು ಅಡಿಯಷ್ಟು ಕೆಮ್ಮಣ್ಣಿನ ಕಾರಣೆ. ಕಸಬರಿಗೆ ತಾಗುವುದು, ಒರೆಸುವ ಬಟ್ಟೆಯ ನೀರು ಸಿಡಿಯುವುದು, ತೇವ ಮೊದಲು ಕಾಣಿಸುವುದು ಎಲ್ಲವೂ ಅದೇ ಒಂದು ಅಡಿಯಲ್ಲಿ. ಹಬ್ಬಕ್ಕೊಮ್ಮೆ ಅಷ್ಟನ್ನೇ ಹೊಸದು ಮಾಡಿದರೆ ಇಡೀ ಕೋಣೆ ಹೊಸದಾಗಿ ಕಾಣುತ್ತದೆ.

ಇಳಕಲ್ ಸೀರೆ

ಎರಡನೆಯ ದೊಡ್ಡ ತಿರುವು ಅರಿವೆಯ ವಿಷಯದಲ್ಲಿ ಬಂತು. ಸೊಸೆ ಒಳ್ಳೆಯ ಹೊಲಿಗೆಯವರು. ಅಜ್ಜಿಯ ಟ್ರಂಕಿನಲ್ಲಿದ್ದ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಕಿಟಕಿಯ ಪರದೆ, ದಿಂಬಿನ ಗವಸು ಮಾಡಿದರೆ ಎಷ್ಟು ಚಂದ ಎಂದು ಅವರಿಗೆ ಅನಿಸಿತು. ಅಜ್ಜಿ ಬೇಡವೆನ್ನಲಿಲ್ಲ. ಸೀರೆಯನ್ನು ತೆಗೆದು ಸೊಸೆಯ ಮಡಿಲಿಗೆ ಹಾಕಿ, ಒಳಗೆ ಹೋದರು. ಆ ಸಂಜೆ ಅವರು ಕಂಬದ ಬುಡಕ್ಕೆ ಬರಲಿಲ್ಲ ಎಂದು ಸೊಸೆಯೇ ನನಗೆ ಫೋನ್ ಮಾಡಿ ಹೇಳಿದರು. ಅವರಿಗೂ ಕತ್ತರಿ ಹಿಡಿಯಲು ಕೈಬಂದಿರಲಿಲ್ಲ.

ನಾನು ಹೋಗಿ ಸೀರೆ ನೋಡಿದೆ. ಹತ್ತಿಯ ಒಡಲು, ಕೊಂಡಿ ಹಾಕಿ ಜೋಡಿಸಿದ ರೇಷ್ಮೆಯ ಸೆರಗು, ಅದರಲ್ಲಿ ಕೆಂಪು-ಬಿಳಿಯ ಟೋಪು ತೆನಿ ಚಿತ್ತಾರ, ಒಡಲ ಮೇಲೆ ಕೈಯಿಂದ ಹಾಕಿದ ಕಸೂತಿ: ಗೋಪುರ, ತುಳಸಿ ವೃಂದಾವನ, ಆನೆ. ಕಸೂತಿ ಅಜ್ಜಿಯ ತಾಯಿಯ ಕೈಯದು. ಇಂಥ ಬಟ್ಟೆ ಕಿಟಕಿಯ ಬಿಸಿಲಿಗೆ ಸಿಕ್ಕರೆ ರೇಷ್ಮೆ ಮೊದಲು ಬಣ್ಣ ಕಳೆದುಕೊಂಡು ಆಮೇಲೆ ಎಳೆ ಮುರಿಯುತ್ತದೆ. ಪರದೆಯಾಗಿ ಅದು ಹೆಚ್ಚು ಕಾಲ ಬಾಳುತ್ತಿರಲಿಲ್ಲ.

ಸೀರೆಯನ್ನು ಮುಟ್ಟದೆ ಅದರ ಚಿತ್ತಾರವನ್ನು ಮಾತ್ರ ತೆಗೆದುಕೊಳ್ಳೋಣ ಎಂದು ಹೇಳಿದೆ. ಅಜ್ಜಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗವಂತಿ ಮತ್ತು ಮುರಗಿ ಹೊಲಿಗೆ ಕಲಿಸಿದರು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಎಳೆ ಎಣಿಸಿ ಹೊಲಿಯಬೇಕು, ಗವಂತಿ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ಖಾದಿಯ ದಿಂಬಿನ ಗವಸಿನ ಮೇಲೆ ಅವಳು ಮೊದಲು ಹೊಲಿದ ಗೋಪುರದಲ್ಲಿ ಒಂದು ಎಳೆ ತಪ್ಪಿ ಕಳಸ ವಾಲಿದೆ. ಅದನ್ನು ಬಿಚ್ಚಲು ಅಜ್ಜಿ ಬಿಡಲಿಲ್ಲ. ಆ ದಿಂಬು ಈಗಲೂ ಅವರ ಬೆನ್ನಿಗೇ ಇರುತ್ತದೆ. ಸೀರೆ ಟ್ರಂಕಿಗೆ ಮರಳಿತು.

ಕಿಟಕಿಗೆ ಗಜೇಂದ್ರಗಡದ ಪಟ್ಟೇದ ಅಂಚಿನ ಹತ್ತಿ ಬಟ್ಟೆ ತಂದರು. ಚೌಕುಳಿಯ ಒಡಲು, ಅಗಲವಾದ ಬೇರೆ ಬಣ್ಣದ ಅಂಚು, ದಪ್ಪ ನೂಲು. ಒಗೆತಕ್ಕೂ ಬಿಸಿಲಿಗೂ ತಡೆಯುವ ಬಟ್ಟೆ, ಎರಡೂ ಮಗ್ಗುಲು ಒಂದೇ ರೀತಿ ಇರುವುದರಿಂದ ಓಣಿಯಿಂದ ನೋಡಿದರೂ ಚಂದ. ಜಿಲ್ಲೆಯಲ್ಲೇ ನೇಯುವ ಬಟ್ಟೆ ನಮ್ಮ ಕಿಟಕಿಗಳಿಗೆ ಸಾಲದೆಂದು ಹೊರಗಿನಿಂದ ಪಾಲಿಯೆಸ್ಟರ್ ತರಿಸುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಬೆನ್ನಿಗೆ ಹತ್ತಿದ ಸುಣ್ಣ

ಸೋಫಾ ಹೋದ ಮೇಲೆ ಕೂಡಲು ಏನು? ಅಜ್ಜಿಗೆ ಮೊಣಕಾಲು ನೋವು, ನೆಲದಲ್ಲಿ ಕೂತರೆ ಏಳುವುದು ಕಷ್ಟವಾಗುತ್ತಿತ್ತು. ಹಿತ್ತಲಲ್ಲಿ ಗೊಬ್ಬರದ ಚೀಲ ಹೊತ್ತು ಬಿದ್ದಿದ್ದ ತೇಗದ ಬಾಂಕು (ಉದ್ದನೆಯ ಬೆಂಚು) ಸಿಕ್ಕಿತು. ಬಡಿಗರು ಒಂದು ಕಾಲು ಬದಲಿಸಿ, ಉಜ್ಜಿ, ಎಣ್ಣೆ ಹಚ್ಚಿಕೊಟ್ಟರು. ಅದನ್ನು ಎರಡನೆಯ ಕಂಬದ ಎದುರಿಗೆ, ಎಡಗೋಡೆಗೆ ಹಾಕಿದರು. ಬಾಗಿಲೂ ಕಾಣುತ್ತದೆ, ಒಲೆಯೂ ಕಾಣುತ್ತದೆ.

ಮೊದಲ ವಾರವೇ ದೂರು ಬಂತು. ಒರಗಿದವರ ಅಂಗಿಗೆಲ್ಲ ಸುಣ್ಣ. ಸುಣ್ಣಕ್ಕೆ ಅಂಟು ಬೆರೆಸಿದರೆ ಉದುರುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಗೋಡೆಗೆ ಅಷ್ಟು ಭಾಗ ಎಣ್ಣೆ ಬಣ್ಣ ಹಚ್ಚೋಣ ಎಂದು ಯಜಮಾನರು ಹೇಳಿದರು. ಅದರ ಹಿಂದೆ ಮತ್ತೆ ತೇವ ಸಿಕ್ಕಿಕೊಳ್ಳುತ್ತಿತ್ತು. ನವಲಗುಂದದ ಜಮಖಾನವನ್ನು ಬಾಂಕಿನ ಹಿಂದೆ, ಗೋಡೆಯಿಂದ ಎರಡು ಬೆರಳು ಅಂತರ ಬಿಟ್ಟು, ಹಳೆಯ ಗೂಟಗಳಿಗೆ ಕೋಲು ಹಾಕಿ ಇಳಿಬಿಡುವುದೆಂದು ನಿರ್ಧಾರವಾಯಿತು. ಹೆಂಗಸರು ಮಗ್ಗದಲ್ಲಿ ನೇಯುವ ಈ ಹತ್ತಿ ಜಮಖಾನಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಪಗಡೆಯ ಹಾಸು, ನವಿಲು ಅದರ ಹೆಸರಾದ ಚಿತ್ತಾರಗಳು. ಇಲ್ಲಿ ತಂದದ್ದು ಪಗಡೆಯ ಹಾಸಿನದು. ಕೆಂಪು, ಹಳದಿ, ಕಪ್ಪು ಬಿಳಿಗೋಡೆಯ ಮೇಲೆ ಎದ್ದು ಕಾಣುತ್ತವೆ. ಹಿಂದೆ ಗಾಳಿಯಾಡುತ್ತದೆ. ತಿಂಗಳಿಗೊಮ್ಮೆ ಇಳಿಸಿ ಬಿಸಿಲಿಗೆ ಹಾಕುತ್ತಾರೆ, ಆಗ ಗೋಡೆಯನ್ನೂ ನೋಡಿದಂತಾಗುತ್ತದೆ.

ಪಿವಿಸಿ ಹಲಗೆಯೂ ಗೋಡೆಯ ಮುಂದೆ ನಿಂತ ಹೊದಿಕೆಯೇ, ಜಮಖಾನವೂ ಅದೇ. ಒಂದನ್ನು ಇಳಿಸಿ ಹಿಂದೆ ನೋಡಬಹುದು, ಇನ್ನೊಂದನ್ನು ನೋಡಬಾರದೆಂದೇ ಬಡಿದಿದ್ದರು. ಈ ಮನೆಯಲ್ಲಿ ನೆಲೆನಿಂತ ಅಲಂಕಾರಗಳನ್ನೆಲ್ಲ ಹಿಂತಿರುಗಿ ನೋಡಿದರೆ, ಬೆಳಕಿಂಡಿಯ ಅರಿವೆ, ಕಾರಣೆ, ಬಾಂಕಿನ ಹಿಂದಿನ ಜಮಖಾನ, ಒಂದೊಂದೂ ಯಾವುದೋ ದಿನನಿತ್ಯದ ತೊಂದರೆಗೆ ಹುಡುಕಿದ ಉತ್ತರ. ‘ಇಲ್ಲಿ ಏನಾದರೂ ಇಟ್ಟರೆ ಚಂದ’ ಎಂದು ತಂದ ವಸ್ತುಗಳು ಮೂಲೆ ಸೇರಿದವು. ಕತ್ತಲ ಮೂಲೆಗೆ ತಂದ ಎರಡು ಮನಿಪ್ಲಾಂಟ್ ಕುಂಡಗಳು ಬಾಡಿ, ಕಟ್ಟೆಗೆ ಹೋದ ಮೇಲೆಯೇ ಚಿಗುರಿದವು.

ಗೂಡುಗಳು

ನೀಲಿ ಗೂಡುಗಳಲ್ಲಿ ಏನಿಡಬೇಕು ಎಂಬುದಕ್ಕೆ ಸೊಸೆ ಪ್ಲಾಸ್ಟಿಕ್ ಹೂವಿನ ಕುಂಡಗಳ ಪಟ್ಟಿ ಮಾಡಿದ್ದರು. ಮೊಮ್ಮಗ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಜೋಡಿ ಎತ್ತುಗಳನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟ. ನೀಲಿಯ ಮುಂದೆ ಕರಿಮಣ್ಣಿನ ಎತ್ತು, ಕೊಂಬಿಗೆ ಜೋಳದ ದಂಟಿನ ಚೂರು, ಕೊರಳಿಗೆ ಕೆಂಪು ದಾರ. ಅಂದಿನಿಂದ ಆ ಗೂಡು ಅವನ ಸುಪರ್ದಿ. ಆಷಾಢದಲ್ಲಿ ಮಣ್ಣಿನ ಗುಳ್ಳವ್ವ, ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ, ಹಬ್ಬವಿಲ್ಲದಾಗ ಹೊಲದಿಂದ ತಂದ ಬಿಳಿಜೋಳದ ತೆನೆ. ಇದಕ್ಕೆ ಖರ್ಚಿಲ್ಲ, ಧೂಳು ಕೂಡುವುದಕ್ಕೂ ಸಮಯ ಸಿಗುವುದಿಲ್ಲ. ಉಳಿದ ಗೂಡುಗಳಲ್ಲಿ ಒಂದರಲ್ಲಿ ಸೊಸೆಯ ದಾರದ ಉಂಡೆಗಳು, ಎರಡರಲ್ಲಿ ಪುಸ್ತಕ, ಒಂದರಲ್ಲಿ ದೀಪ, ಇನ್ನೊಂದನ್ನು ಖಾಲಿ ಬಿಟ್ಟಿದ್ದಾರೆ.

ಹಿತ್ತಾಳೆ ಕೊಡ, ಹಂಡೆಗಳನ್ನು ಪಡಸಾಲೆಯಲ್ಲಿ ಸಾಲಾಗಿ ಜೋಡಿಸುವ ಮಾತೂ ಬಂದಿತ್ತು. ಅವನ್ನು ಹೊಳೆಯುವಂತೆ ಇಡಲು ಹುಣಸೆಹಣ್ಣು ಹಚ್ಚಿ ತಿಕ್ಕುವವರು ಯಾರು ಎಂದು ಕೇಳಿದೆ, ಯಾರೂ ಕೈಯೆತ್ತಲಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಖರ್ಚು ಮತ್ತು ಫಲ

ಒಟ್ಟು ಖರ್ಚು 51,800 ರೂಪಾಯಿ. ಸಂದಿಯ ಕಾಲುವೆ ಮತ್ತು ಪೈಪಿಗೆ 9,000, ಗೋಡೆ ಕೆರೆದು ಸುಣ್ಣದ ಗಾರೆ ಮಾಡಲು 11,500, ಗೆದ್ದಲಿಗೆ 3,000, ಬೆಳಕಿಂಡಿಗೆ 8,500, ಸುಣ್ಣ-ಕಾರಣೆಗೆ 6,000, ದೀಪ ಮತ್ತು ವೈರಿಂಗ್‌ಗೆ 4,200, ಬಟ್ಟೆಗೆ 2,800, ಜಮಖಾನಕ್ಕೆ 5,000, ಬಾಂಕಿನ ದುರಸ್ತಿಗೆ 1,800. ಗೋಡೆಯ ರೋಗ ವಾಸಿಮಾಡಲೆಂದೇ 23,500 ಹೋಯಿತು. ಅಲಂಕಾರದ ದುಡ್ಡಿನಲ್ಲಿ ಹೀಗೆ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಕೆಲಸಕ್ಕೆ ಹೋಗುವುದನ್ನು ಮೊದಲೇ ತಿಳಿಸಿ ಒಪ್ಪಿಸಬೇಕು. ನಡುವೆ ಹೇಳಿದರೆ ಮನೆಯವರಿಗೆ ಮೋಸಹೋದಂತೆ ಅನಿಸುತ್ತದೆ.

ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದೆ. ಮುಗ್ಗಲು ವಾಸನೆಯಿಲ್ಲ. ಎಡಗೋಡೆಯ ಬುಡದಲ್ಲಿ, ಬಚ್ಚಲಿನ ಕಡೆಗೆ, ಕಾರಣೆಯ ಮೇಲೆ ಅಂಗೈಯಗಲದ ಉಪ್ಪಿನ ಕಲೆ ಇನ್ನೂ ಕಾಣಿಸಿಕೊಳ್ಳುತ್ತದೆ. ಅದು ಬಚ್ಚಲಿನ ನೀರು. ಅದರ ಕೆಲಸ ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದಾರೆ. ಸೊಸೆ ಮಧ್ಯಾಹ್ನದವರೆಗೆ ದೀಪ ಹಚ್ಚುವುದಿಲ್ಲ. ಮೊಮ್ಮಗಳ ಮೇಜಿನ ಸುತ್ತ ಮೂವರು ಗೆಳತಿಯರು ಪರೀಕ್ಷೆಗೆ ಓದುತ್ತಿದ್ದರು. ಫ್ಲ್ಯಾಟಿನ ಮಾತು ಪೂರ್ತಿ ನಿಂತಿಲ್ಲ. ಯಜಮಾನರಿಗೆ ಹುಬ್ಬಳ್ಳಿಗೆ ವರ್ಗವಾಗುವ ಸಂಭವವಿದೆ. ಮಾರಬೇಕೆಂಬ ಮಾತು ಮಾತ್ರ ಈಗ ಬರುತ್ತಿಲ್ಲ, ಬೀಗ ಹಾಕಿಟ್ಟು ಹಬ್ಬಕ್ಕೆ ಬರುವುದೋ ಬಾಡಿಗೆಗೆ ಕೊಡುವುದೋ ಎಂಬ ಚರ್ಚೆ ನಡೆದಿದೆ.

ಬೇರೆ ಮನೆಗಳಿಗೆ

ಇಲ್ಲಿ ಮಾಡಿದ್ದೆಲ್ಲವನ್ನೂ ಎಲ್ಲ ಕಡೆ ಮಾಡಲಾಗುವುದಿಲ್ಲ. ಪುಟ್ಟಿ ಹಾಕಿ ಪ್ಲಾಸ್ಟಿಕ್ ಬಣ್ಣ ಬಳಿದ ಸಿಮೆಂಟ್ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಸಿಪ್ಪೆಯಾಗಿ ಏಳುತ್ತದೆ. ಸ್ಲ್ಯಾಬ್ ಹಾಕಿದ ಮನೆಗೆ ಬೆಳಕಿಂಡಿ ಕೊರೆಯಲು ಇಂಜಿನಿಯರ್ ನೋಡದೆ ಕೈಹಾಕಬಾರದು. ಬಾಡಿಗೆ ಮನೆಯಲ್ಲಿ ಮಾಲೀಕರ ಗೋಡೆಗೆ ಮೊಳೆ ಹೊಡೆಯುವುದೂ ಕಷ್ಟ. ಅಂಥ ಕಡೆ ಗೋಡೆಯ ತಂಟೆಗೆ ಹೋಗದೆ, ಯಾರು ಎಲ್ಲಿ ಕೂಡುತ್ತಾರೆಂಬ ಹಾಳೆ ಬರೆದು, ಕೆಲಸ ಮಾಡುವವರನ್ನು ಕಿಟಕಿಯ ಬಳಿಗೆ ತಂದು, ಬಲ್ಬಿನ ಅಂಕಿ ನೋಡಿ ಬದಲಿಸಿ, ಕಿಟಕಿಗೆ ಒಂದು ಒಳ್ಳೆಯ ಹತ್ತಿ ಬಟ್ಟೆ ಹಾಕಿದರೆ ಸಾಕಷ್ಟಾಯಿತು. ಈ ಮನೆಯ ಲೆಕ್ಕದಲ್ಲಿ ಅದಿಷ್ಟಕ್ಕೆ ತಗುಲಿದ್ದು 7,000 ರೂಪಾಯಿ.